ಟಿವಿ ನೋಡಿ ಟೆನಿಸ್ ಕಲಿಯುವುದಾದರೆ ಕೈ ಬಿಡಿ, ಕಾಲು ನೋಡಿ

ಗ್ರ್ಯಾಂಡ್‌ಸ್ಲ್ಯಾಮ್ ನಡೆಯುವ ಹದಿನೈದು ದಿನ ಯಾವುದಾದರೂ ಕ್ಲಬ್ಬಿನ ಕೋರ್ಟ್ ಕಡೆ ಹೋಗಿ ನೋಡಿ. ಮೆಂಬರ್‌ಗಳ ಫೋರ್‌ಹ್ಯಾಂಡ್ ಇದ್ದಕ್ಕಿದ್ದಂತೆ ಜೋರಾಗಿರುತ್ತದೆ, ನೆಟ್ ಬುಡದಲ್ಲಿ ಬಿದ್ದಿರುವ ಚೆಂಡುಗಳೂ ಹೆಚ್ಚಿರುತ್ತವೆ. ದೊಡ್ಡವರ ಆಟ ನೋಡಿ ಕಲಿಯಬಾರದು ಅಂತಲ್ಲ. ಅವರಿಂದ ನಾವು ಎತ್ತಿಕೊಳ್ಳುವುದೆಲ್ಲ ನಮಗೆ ಆಗಿಬರದ್ದೇ: ಹೊಡೆತದ ವೇಗ, ರಾಕೆಟ್, ಗಟ್ (ರಾಕೆಟ್ಟಿನ ತಂತಿ). ನಮ್ಮ ಕೈಲಾಗುವಂಥದ್ದನ್ನು ಮಾತ್ರ ಅಲ್ಲೇ ಬಿಟ್ಟು ಬರುತ್ತೇವೆ.

ಮೊದಲ ಮೋಸ ಕ್ಯಾಮೆರಾದ್ದು. ಬೇಸ್‌ಲೈನಿನ ಹಿಂದೆ ಎತ್ತರದಲ್ಲಿಟ್ಟ ಕ್ಯಾಮೆರಾದಲ್ಲಿ ಚೆಂಡಿನ ಏರಿಳಿತ ಸರಿಯಾಗಿ ಕಾಣುವುದಿಲ್ಲ, ಪ್ರತಿ ಹೊಡೆತವೂ ನೆಟ್ ಸವರಿಕೊಂಡು ಹೋದಂತಿರುತ್ತದೆ. ಅದೇ ಮಟ್ಟದ ಆಟವನ್ನು ಕೋರ್ಟಿನ ಪಕ್ಕ, ನೆಲಮಟ್ಟದಲ್ಲಿ ಕೂತು ನೋಡಿ. ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎಯಲ್ಲಿ (ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕೋರ್ಟ್‌ಗಳಲ್ಲಿ) ಬೆಂಗಳೂರು ಓಪನ್ ಟೂರ್ನಿ ನಡೆದಾಗ ಅದಕ್ಕೆ ಅವಕಾಶವಿದೆ. ರ‍್ಯಾಲಿಯಲ್ಲಿ ಚೆಂಡು ನೆಟ್‌ಗಿಂತ ಎರಡು ಮೂರು ಅಡಿ ಮೇಲೇ ಹಾರಿ, ಟಾಪ್‌ಸ್ಪಿನ್ನಿನಿಂದ (ಮುಂದಕ್ಕೆ ಉರುಳುವಂಥ ತಿರುಗಿನಿಂದ) ಬಾಗಿ ಒಳಗೆ ಬೀಳುತ್ತಿರುತ್ತದೆ. ನಾವು ಸ್ಪಿನ್ನೂ ಇಲ್ಲದೆ, ಎತ್ತರವೂ ಇಲ್ಲದೆ ಹೊಡೆದು ನೆಟ್‌ಗೆ ಬೈಯುತ್ತೇವೆ.

ನೆಟ್ ನಡುವೆ 3 ಅಡಿ, ಕಂಬದ ಹತ್ತಿರ 3.5 ಅಡಿ. ಕೋರ್ಟಿನ ಉದ್ದ 78 ಅಡಿ. ಸಿಂಗಲ್ಸ್ ಕೋರ್ಟನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 82.5. ಅಂದರೆ ಕ್ರಾಸ್‌ಕೋರ್ಟ್ (ಓರೆಯಾಗಿ ಎದುರು ಮೂಲೆಗೆ) ಹೊಡೆದವರಿಗೆ ನೆಟ್ ಹತ್ತಿರಹತ್ತಿರ ಅರ್ಧ ಅಡಿ ತಗ್ಗು, ಚೆಂಡು ಬೀಳಲು ಜಾಗ ನಾಲ್ಕೂವರೆ ಅಡಿ ಜಾಸ್ತಿ. ಆದರೂ ಓಡಿ ಏದುಸಿರು ಬಿಡುತ್ತಾ ಚೆಂಡು ಮುಟ್ಟಿದ ಹವ್ಯಾಸಿಗೆ ಪಕ್ಕದ ಗೆರೆಗುಂಟ ನೇರ ಹೊಡೆಯುವ ಡೌನ್ ದ ಲೈನೇ ಬೇಕು.

ಫೆಡರರ್ 2024ರಲ್ಲಿ ಡಾರ್ಟ್‌ಮೌತ್‌ನ ಪದವಿ ಪ್ರದಾನ ಸಮಾರಂಭದಲ್ಲಿ ಒಂದು ಲೆಕ್ಕ ಹೇಳಿದರು. ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಗೆದ್ದದ್ದು ಹೆಚ್ಚುಕಮ್ಮಿ ಶೇ 80, ಪಾಯಿಂಟುಗಳಲ್ಲಿ ಗೆದ್ದದ್ದು ಶೇ 54 ಮಾತ್ರ. ಅಂಥವರಿಗೇ ನೂರಕ್ಕೆ 46 ಕೈತಪ್ಪುತ್ತಿದ್ದವು. ನಮ್ಮ ಮಟ್ಟದಲ್ಲಂತೂ ಹೆಚ್ಚಿನ ಪಾಯಿಂಟುಗಳನ್ನು ಯಾರೂ ಗೆಲ್ಲುವುದಿಲ್ಲ, ಯಾರೋ ಒಬ್ಬರು ಕಳೆದುಕೊಳ್ಳುತ್ತಾರೆ. ಬರೀ ಲಾಬ್ ಎತ್ತುವ (ಚೆಂಡನ್ನು ತಲೆಯ ಮೇಲಿಂದ ದಾಟಿಸುವ) ಹಿರಿಯರನ್ನು ಕಂಡರೆ ಹುಡುಗರಿಗೆ ಸಿಟ್ಟು. ಸ್ಮ್ಯಾಶ್ ಬಾರದಿದ್ದರೆ ಅದು ಲಾಬ್‌ನ ತಪ್ಪಲ್ಲ.

ಅವರ ಆಟಕ್ಕೂ ನಮ್ಮ ಆಟಕ್ಕೂ ಇರುವ ನಿಜವಾದ ಅಂತರ ಕಾಣುವುದು ಎರಡನೇ ಸರ್ವ್‌ನಲ್ಲಿ. ವೃತ್ತಿಪರರು ಎರಡನೇ ಸರ್ವ್‌ಗೆ ಕೈ ನಿಧಾನ ಮಾಡುವುದಿಲ್ಲ, ಅದೇ ಬೀಸನ್ನು ವೇಗದ ಬದಲು ಸ್ಪಿನ್ನಿಗೆ ಖರ್ಚು ಮಾಡುತ್ತಾರೆ. ನಾವು ಮೊದಲನೆಯದನ್ನು ಬೇಲಿಗೆ ಬಾರಿಸಿ, ಎರಡನೆಯದನ್ನು ದೇವರಿಗೆ ಹೂ ಹಾಕಿದಂತೆ ಹಾಕುತ್ತೇವೆ. ಕಾರಣ ಗ್ರಿಪ್. ದೋಸೆ ಎತ್ತುವ ಮಗುಚುಕೈ ಹಿಡಿದಂತೆ ರಾಕೆಟ್ ಹಿಡಿದರೆ ಚೆಂಡನ್ನು ನೇರವಾಗಿ ತಳ್ಳಬಹುದೇ ಹೊರತು ಸ್ಪಿನ್ ಹುಟ್ಟುವುದಿಲ್ಲ. ಬೇಕಾದದ್ದು ಕಾಂಟಿನೆಂಟಲ್ ಗ್ರಿಪ್, ಅಂದರೆ ಮೊಳೆ ಹೊಡೆಯಲು ಸುತ್ತಿಗೆ ಹಿಡಿದಂತೆ. ರಾಕೆಟ್ಟಿನ ಹಿಡಿಗೆ ಎಂಟು ಮುಖ. ಬಲಗೈಯವರಾದರೆ ತೋರುಬೆರಳಿನ ಬುಡದ ಗೆಣ್ಣು ಮೇಲ್ಮುಖದ ಬಲಕ್ಕಿರುವ ಓರೆ ಮುಖದ ಮೇಲೆ ಕೂರಬೇಕು. ಮೊದಲ ಎರಡು ವಾರ ಚೆಂಡೆಲ್ಲ ಎಡಕ್ಕೆ ಓಡುತ್ತದೆ, ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ಗ್ರಿಪ್ ಬದಲಾಗಿದೆ, ಆದರೆ ಚೆಂಡಿಗೆ ತಾಗುವ ಹೊತ್ತಿಗೆ ಮುಂಗೈ ಹೊರಕ್ಕೆ ತಿರುಗುತ್ತಿಲ್ಲ, ಅಷ್ಟೇ. ನೆಟ್‌ನಿಂದ 21 ಅಡಿಯ ಸರ್ವಿಸ್ ಲೈನಿನಲ್ಲೇ ನಿಂತು ಅರ್ಧ ಬೀಸಿನಲ್ಲಿ ಎದುರಿನ ಸರ್ವಿಸ್ ಬಾಕ್ಸಿನೊಳಗೆ ಹಾಕಿ. ಹತ್ತರಲ್ಲಿ ಎಂಟು ಬೀಳತೊಡಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಟಾಸ್‌ಗೆ, ಅಂದರೆ ಸರ್ವ್‌ಗೆ ಚೆಂಡು ಮೇಲೆಸೆಯುವಾಗ, ಅದನ್ನು ಬೆರಳ ತುದಿಯಲ್ಲಿ ಹಿಡಿದು, ಮೊಣಕೈ ಮಡಿಸದೆ, ಕಣ್ಣಿನ ಮಟ್ಟ ದಾಟಿದ ಮೇಲೆ ಬಿಡಿ. ಅಂಗೈಯಲ್ಲಿಟ್ಟು ಚಿಮ್ಮಿದರೆ ಅದು ಹಿಂದಕ್ಕೆ ಹೋಗುತ್ತದೆ.

ಚೆಂಡಿನ ವಿಷಯಕ್ಕೆ ಬಂದರೆ, ದೊಡ್ಡ ಟೂರ್ನಿಗಳಲ್ಲಿ ಮೊದಲ 7 ಗೇಮ್‌ಗೆ, ಆಮೇಲೆ ಪ್ರತಿ 9 ಗೇಮ್‌ಗೆ ಹೊಸ ಚೆಂಡು. ನಮ್ಮಲ್ಲಿ ಒಂದು ಕ್ಯಾನ್ ತಿಂಗಳು ಕಳೆಯುತ್ತದೆ. ನಿಯಮದ ಪ್ರಕಾರ 100 ಇಂಚಿನಿಂದ ಬಿಟ್ಟ ಚೆಂಡು 53ರಿಂದ 58 ಇಂಚು ಮೇಲೇಳಬೇಕು. ತಲೆಯ ಎತ್ತರದಿಂದ ಬಿಟ್ಟು ನೋಡಿ: ಸೊಂಟದ ಹತ್ತಿರ ಬಂದರೆ ಸರಿ, ತೊಡೆಗೇ ನಿಂತರೆ ನಾಯಿಗೆ ಆಡಲು ಕೊಡಿ. ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಊರಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಎತ್ತರದ ಊರುಗಳಿಗೆಂದೇ ಇರುವ ಚೆಂಡಿನ ನಿಯಮ ಶುರುವಾಗುವುದು 1,219 ಮೀಟರ್‌ನಿಂದ. ಹಾಗಾಗಿ ಇಲ್ಲಿ ಮಾಮೂಲಿ ಚೆಂಡೇ ತೆಳುಗಾಳಿಯಲ್ಲಿ ಉದ್ದಕ್ಕೆ ಹಾರುತ್ತದೆ. ಮಂಗಳೂರಿನಿಂದ ಬಂದವರ ಹೊಡೆತವೆಲ್ಲ ಮೊದಲ ವಾರ ಔಟ್ ಆಗುವುದು ಇದರಿಂದ. ಆಗ ಕೈ ಬಿಗಿಹಿಡಿಯಬೇಡಿ, ಟಾಪ್‌ಸ್ಪಿನ್ ಜಾಸ್ತಿ ಮಾಡಿ.

ಗಟ್ಟಿಂಗ್ ಬಗ್ಗೆ ನನ್ನ ಮಾತು ಕಟುವಾಗಿಯೇ ಇದೆ. ವಾರಕ್ಕೆರಡು ದಿನ ಆಡುವ ನಲವತ್ತೈದರ ಮನುಷ್ಯನಿಗೆ ಪಾಲಿಯೆಸ್ಟರ್ ಗಟ್ ಯಾಕೆ? ಅದು ಬಿರುಸು. ಹತ್ತಿಪ್ಪತ್ತು ಗಂಟೆ ಆಡುವಷ್ಟರಲ್ಲಿ ಅದರ ಜೀವ ಹೋಗಿರುತ್ತದೆ, ಆದರೆ ಹರಿಯುವುದಿಲ್ಲ. ಹರಿದಿಲ್ಲವಲ್ಲ ಅಂತ ವರ್ಷಗಟ್ಟಲೆ ಅದರಲ್ಲೇ ಆಡುತ್ತಾರೆ, ಜೊತೆಗೆ ಸತ್ತ ಚೆಂಡು, ತಡವಾಗಿ ಬೀಸುವ ಬ್ಯಾಕ್‌ಹ್ಯಾಂಡ್, ಬಿಗಿಮುಷ್ಟಿ. ಮೊಣಕೈಯ ಹೊರಭಾಗ ನೋಯದೆ ಇನ್ನೇನಾಗುತ್ತದೆ? ಮಲ್ಟಿಫಿಲಮೆಂಟ್ (ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ ಮೆತ್ತನೆಯ) ಗಟ್ಟನ್ನು 50-52 ಪೌಂಡ್ ಬಿಗಿತಕ್ಕೆ ಹಾಕಿಸಿ. ಪಾಲಿಯೇ ಬೇಕೆಂದರೆ 46ರ ಆಸುಪಾಸಿಗೆ ಇಳಿಸಿ, ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಕನಿಷ್ಠ ಅಷ್ಟು ಸಲ ಬದಲಿಸಿ. ರಾಕೆಟ್ಟೂ ಹಾಗೆಯೇ. ಫೆಡರರ್ ಅವರೇ ಮೂವತ್ತು ದಾಟಿದ ಮೇಲೆ 90 ಚದರ ಇಂಚಿನ ತಲೆಯ ರಾಕೆಟ್ ಬಿಟ್ಟು 97ಕ್ಕೆ ಬಂದರು. ನಮಗೆ 100 ಚದರ ಇಂಚು, 285ರಿಂದ 300 ಗ್ರಾಂ ಧಾರಾಳ.

ಇನ್ನು ಕಾಲು. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆ ಸರ್ವ್ ನಮಗೆ ಈ ಜನ್ಮದಲ್ಲಿ ಬರುವುದಿಲ್ಲ. ಸ್ಪ್ಲಿಟ್ ಸ್ಟೆಪ್ ಬರುತ್ತದೆ. ಎದುರಾಳಿಯ ರಾಕೆಟ್ ಚೆಂಡಿಗೆ ತಾಗುವ ಮುಂಚಿನ ಕ್ಷಣದಲ್ಲಿ ಒಂದು ಸಣ್ಣ ಕುಪ್ಪಳಿಕೆ: ಎರಡೂ ಕಾಲು ಭುಜಕ್ಕಿಂತ ಸ್ವಲ್ಪ ಅಗಲ, ಮಂಡಿ ಮಡಿದಿರಬೇಕು, ಹಿಮ್ಮಡಿ ನೆಲ ಮುಟ್ಟಬಾರದು. ಕಾಲು ನೆಲಕ್ಕೆ ಬರುವಷ್ಟರಲ್ಲಿ ಚೆಂಡು ಯಾವ ಕಡೆಗೆಂದು ಗೊತ್ತಾಗಿರಬೇಕು. ಬೇಗ ಕುಪ್ಪಳಿಸಿದರೆ ಮತ್ತೆ ನೆಲಕ್ಕೆ ಅಂಟಿಕೊಳ್ಳುತ್ತೀರಿ, ತಡವಾದರೆ ಚೆಂಡು ದಾಟಿಹೋಗಿರುತ್ತದೆ. ಡಬಲ್ಸ್‌ನಲ್ಲಿ ನೆಟ್ ಹತ್ತಿರ ಕಂಬದಂತೆ ನಿಲ್ಲುವವರಿಗೆ ಇದೊಂದೇ ಸಾಕು, ವಾಲಿ (ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವುದು) ತಾನಾಗಿ ಸುಧಾರಿಸುತ್ತದೆ. ಮುಂದಿನ ಸಲ ಟಿವಿ ಹಾಕಿದಾಗ ಒಂದೇ ಒಂದು ಗೇಮ್ ಚೆಂಡು ನೋಡಬೇಡಿ, ರಿಸೀವರ್‌ನ ಪಾದ ಮಾತ್ರ ನೋಡಿ. ಕಷ್ಟ, ಕಣ್ಣು ಮತ್ತೆ ಮತ್ತೆ ಚೆಂಡಿನ ಹಿಂದೆಯೇ ಓಡುತ್ತದೆ.