ಆರನೇದು ಬರೂತನಕ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನವೆಂಬರ್ 19ರ ಸುತ್ತ ನಾನು ಹಾಕಿದ್ದ ಕೆಂಪು ಗೋಲ ಹೆಂಡತಿಯ ಕಣ್ಣಿಗೆ ಬಿತ್ತು. ಆ ಕ್ಯಾಲೆಂಡರು ಪೂರ್ತಿ ಆಕೆಯ ಇಲಾಖೆ. ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ, ನಳಕ್ಕೆ ನೀರು ಬಂದ ದಿನ ಎಲ್ಲವೂ ಆಕೆಯ ಅಕ್ಷರದಲ್ಲೇ ಇರಬೇಕು.

"ಅವತ್ತ ಯಾರ ಮದುವೀರಿ?"

"ಮದುವಿ ಅಲ್ಲ."

"ಅದನ್ನ ಅಂದೆ. ತುಳಸಿ ಲಗ್ನನ ಆಗಿರೂದಿಲ್ಲ, ಅಷ್ಟರಾಗ ಯಾರ ಲಗ್ನ ಇಟ್ಕೊಂಡಾರ ಅಂತ."

ಜಿಟಿಎ ಆರನೇದು ಬರತದ ಎಂದೆ. ಜಿಟಿಎ ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೊ, ವಿಡಿಯೊ ಗೇಮುಗಳ ಒಂದು ಸಾಲು. ಆಕೆ ಒಂದು ಕ್ಷಣ ಗೋಲವನ್ನೇ ನೋಡಿ, "ಪೆನ್ಸಿಲ್‌ಲೆ ಹಾಕಬೇಕಿತ್ತು" ಎಂದು ಒಗ್ಗರಣೆಯ ಕಡೆ ತಿರುಗಿದಳು.

ಮಾತು ನಾಟಿತು, ಯಾಕೆಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಮೊದಲ ಟ್ರೇಲರ್ ಬಿಟ್ಟಾಗ ಆಟ ಮಾಡುವ ಕಂಪನಿಯವರು 2025 ಎಂದರು. ಆಮೇಲೆ 2026ರ ಮೇ 26 ಎಂದರು. ಅದನ್ನೂ ಸರಿಸಿ ನವೆಂಬರ್ 19 ಎಂದರು. ಐದನೆಯದು ಬಂದದ್ದು 2013ರಲ್ಲಿ. ಆ ವರ್ಷ ಹುಟ್ಟಿದ ನನ್ನ ಅಣ್ಣನ ಮಗ ಈಗ ನನ್ನ ಮೊಬೈಲಿನ ಸೆಟ್ಟಿಂಗ್ ಸರಿಮಾಡಿಕೊಡುತ್ತಾನೆ, ಮಾಡುವಾಗ ನಿಟ್ಟುಸಿರನ್ನೂ ಬಿಡುತ್ತಾನೆ. ನಡುವಿನ ವರ್ಷಗಳಲ್ಲಿ ಅವರು ಕೈಕಟ್ಟಿ ಕೂತಿರಲಿಲ್ಲ ಎನ್ನಿ. ಅದೇ ಐದನೆಯದನ್ನು 2014ರಲ್ಲಿ ಹೊಸ ಗೇಮ್ ಯಂತ್ರಕ್ಕೆ, 2022ರಲ್ಲಿ ಅದಕ್ಕಿಂತ ಹೊಸ ಯಂತ್ರಕ್ಕೆ ಹೊಂದಿಸಿ ಮತ್ತೆ ಮತ್ತೆ ಮಾರಿದರು. 20 ಕೋಟಿಗೂ ಮೇಲೆ ಪ್ರತಿ ಖರ್ಚಾದ ಮೇಲೆ ಯಾರಿಗೆ ಅವಸರ?

ಅಣ್ಣನ ಮಗನಿಗೆ ಆರನೆಯದರಿಂದ ಬೇಕಾದದ್ದು ಬಹಳ. ಮ್ಯಾಪ್ ದೊಡ್ಡದಿರಬೇಕು, ಎಲ್ಲ ಕಟ್ಟಡಗಳ ಒಳಗೂ ಹೋಗಲು ಬರಬೇಕು, ಮೊಸಳೆ ಬೇಕು, ಬಿರುಗಾಳಿ ಬೇಕು. "ನಿನಗೇನ್ ಬೇಕು ಕಾಕಾ?" ಎಂದ. ಊರು ಸಣ್ಣದಿರಬೇಕು ಎಂದೆ. ಮುದುಕರು ಅನ್ನಕ್ಕೆ ಉಪ್ಪು ಬೇಡ ಎಂದಾಗ ಹುಡುಗರು ನೋಡುವಂತೆ ನೋಡಿದ.

ಆದರೆ ನಾನು ಹೇಳುವುದರಲ್ಲಿ ಅರ್ಥವಿದೆ. ಇದೇ ಸಾಲಿನ ಹಳೆಯ ಆಟ ವೈಸ್ ಸಿಟಿ, ಅದರೊಳಗಿನ ಊರಿನ ಹೆಸರೂ ಅದೇ. ಅದು 2002ರದು, ಕಂಪ್ಯೂಟರಿಗೆ ಬಂದದ್ದು 2003ರಲ್ಲಿ. ಹಾರ್ಡ್ ಡಿಸ್ಕಿನಲ್ಲಿ ಒಂದು ಜಿಬಿಯೂ ಹಿಡಿಯುತ್ತಿರಲಿಲ್ಲ. ಎರಡು ದೊಡ್ಡ ದ್ವೀಪ, ನಡುವೆ ಸೇತುವೆಗಳು. ಆಟ ಶುರುವಾದಾಗ ಬಿರುಗಾಳಿಯ ಎಚ್ಚರಿಕೆ ಎಂದು ಸೇತುವೆ ಮುಚ್ಚಿರುತ್ತಿತ್ತು. (ನಮ್ಮಲ್ಲಿ ರಸ್ತೆ ಮುಚ್ಚಲು ಬಿರುಗಾಳಿ ಯಾಕೆ ಬೇಕು, ಚೆನ್ನಮ್ಮ ಸರ್ಕಲ್ಲಿನಲ್ಲಿ ಫ್ಲೈಓವರ್ ಕಾಮಗಾರಿ ಸಾಕು.) ಎಲ್ಲಿಗೆ ಹೋಗಬೇಕೋ ಅಲ್ಲೊಂದು ಚುಕ್ಕೆ ತೋರಿಸಿ ಬಿಟ್ಟುಬಿಡುತ್ತಿದ್ದರು. ಯಾವ ರಸ್ತೆ, ಎಲ್ಲಿ ಹೊರಳಬೇಕು ಎಂದು ಗೆರೆ ಎಳೆದು ಕೈಹಿಡಿದು ಕರೆದೊಯ್ಯುವ ಚಾಳಿ ಶುರುವಾದದ್ದು 2008ರ ನಾಲ್ಕನೆಯದರಿಂದ. ಗೆರೆ ಇಲ್ಲದ್ದಕ್ಕೇ ಆ ಊರು ನಮಗೆ ಬಾಯಿಪಾಠವಾಯಿತು. ದುರ್ಗದಬೈಲಿನಿಂದ ಬ್ರಾಡ್‌ವೇಗೆ ಹಾಯುವುದು ಹೇಗೆ ಎಂದು ಹುಬ್ಬಳ್ಳಿಯವರನ್ನು ಕೇಳಿದರೆ ಮ್ಯಾಪ್ ತೆಗೆಯುತ್ತಾರೆಯೆ? ಆಟದ ಊರಿನ ಓಷನ್ ಬೀಚಿನಿಂದ ಪೇಂಟ್ ಅಂಗಡಿಗೆ ಹಿಂದಿನ ಸಂದಿಯಲ್ಲಿ ನುಗ್ಗುವುದು ನನಗೆ ಈಗಲೂ ನಿದ್ದೆಗಣ್ಣಿನಲ್ಲಿ ಬರುತ್ತದೆ.

ಕಲಿತದ್ದು ವಿದ್ಯಾನಗರದ ಒಂದು ನೆಟ್ ಸೆಂಟರಿನಲ್ಲಿ. ಅಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದದ್ದು ಕಿಟಕಿಯ ಪಕ್ಕದ ಒಂದೇ ಕಂಪ್ಯೂಟರಿಗೆ. ವೈಸ್ ಸಿಟಿಯ ನಾಯಕ ಟಾಮಿ ವರ್ಸೆಟ್ಟಿ. ಹಾಗಾಗಿ ಅರ್ಧ ಬಡಾವಣೆಯ ಟಾಮಿ ವರ್ಸೆಟ್ಟಿಗಳು ಅದೊಂದರಲ್ಲೇ ಬಾಳಬೇಕು. ತೊಂದರೆ ಏನೆಂದರೆ, ಆಟವನ್ನು ಸೇವ್ ಮಾಡಲು, ಅಂದರೆ ಎಲ್ಲಿಗೆ ನಿಲ್ಲಿಸಿದೆವೋ ಅಲ್ಲಿಂದ ಮುಂದುವರಿಸಲು ಉಳಿಸಿಡಲು, ಇದ್ದದ್ದು ಎಂಟೇ ಸ್ಲಾಟ್. ಮನೆಯಲ್ಲಿ ಒಬ್ಬನೇ ಆಡುವವನಿಗೆ ಅದು ಧಾರಾಳ. ನಮ್ಮಲ್ಲಿ ಅದು ಕೋರ್ಟಿಗೆ ಹೋಗಬೇಕಾದ ವ್ಯಾಜ್ಯ. ಸ್ಲಾಟಿಗೆ ಹೆಸರು ಬರೆಯುವ ಹಾಗಿಲ್ಲ, ಕಡೆಯದಾಗಿ ಮುಗಿಸಿದ ಮಿಷನ್ನಿನ (ಆಟ ಒಪ್ಪಿಸುವ ಕೆಲಸದ) ಹೆಸರು ಮತ್ತು ತಾರೀಖು ಮಾತ್ರ ಕಾಣುತ್ತಿತ್ತು. ಮೊದಲ ಎರಡು ಇಂಜಿನಿಯರಿಂಗ್ ಹುಡುಗರವು, ಅವನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮೂರನೆಯದು ಅಂಗಡಿ ಕಾಕಾನ ಅಕ್ಕನ ಮಗನದು. ಅವನು ಆಡುತ್ತಲೂ ಇರಲಿಲ್ಲ, ಬಿಟ್ಟುಕೊಡುತ್ತಲೂ ಇರಲಿಲ್ಲ. ನಾಲ್ಕರಿಂದ ಏಳರ ತನಕ ಪಿಯುಸಿಯವರು. ಎಂಟನೆಯದು ಹೈಸ್ಕೂಲಿನ ನಮ್ಮ ನಾಲ್ವರಿಗೆ ಸೇರಿ ಒಂದು. ಯಾರು ಒಂದು ಮಿಷನ್ ಮುಂದೆ ಹೋದರೂ ನಾಲ್ವರೂ ಮುಂದೆ ಹೋದಂತೆ. ಆದರೆ ಟಾಮಿಯ ದುಡ್ಡು ಯಾರು ಖರ್ಚು ಮಾಡಿದರು, ಇದ್ದ ಒಳ್ಳೆಯ ಗನ್ನು ಎಲ್ಲಿ ಹೋಯಿತು ಎಂದು ಮಳಿಗೆಯ ಮೆಟ್ಟಿಲ ಮೇಲೆ ನಿತ್ಯ ಪಂಚಾಯತಿ.

ಒಂದು ದಸರಾ ಸೂಟಿಯಲ್ಲಿ ನಮ್ಮೊಬ್ಬನ ಸೋದರಮಾವನ ಮಗ ಗದಗದಿಂದ ಬಂದಿದ್ದ. ಪಾಪ, ಅತಿಥಿ, ಅರ್ಧ ತಾಸು ಆಡಲಿ ಎಂದು ಕೂರಿಸಿದೆವು. ಹೊಸ ಆಟ ಶುರು ಮಾಡಿ, ಇನ್ನೂ ಹೋಟೆಲಿನ ಸುತ್ತ ಸುತ್ತುತ್ತಿರುವಾಗಲೇ ಸೇವ್ ಮಾಡಿದ. ಎಲ್ಲಿ? ಎಂಟರಲ್ಲಿ. "ನಿಮ್ದಂತ ಹೇಳಿದ್ರೆಲ್ಲಾ, ಅದಕ್ಕ ಅದರಾಗ ಮಾಡ್ದೆ" ಎಂದ. ಒಂದು ಮಳೆಗಾಲದ ದುಡಿಮೆ ನೀರುಪಾಲು. ಅವನು ಮರುದಿನ ರೈಲು ಹತ್ತಿ ಹೋದ. ಇವತ್ತಿಗೂ ಗದಗ ಸ್ಟೇಷನ್ನಿನಲ್ಲಿ ಗಾಡಿ ಎಷ್ಟು ಹೊತ್ತು ನಿಂತರೂ ನಾನು ಕೆಳಗಿಳಿದು ಚಹಾ ಕುಡಿಯುವುದಿಲ್ಲ.

ಹೋದ ದುಡ್ಡಿಗೆ, ಗನ್ನಿಗೆ ನಾವು ಅತ್ತಿರಲಿಲ್ಲ. ಅತ್ತದ್ದು ಆಟಿಗೆ ಹೆಲಿಕಾಪ್ಟರಿನ ಮಿಷನ್ ಮತ್ತೆ ಮಾಡಬೇಕಲ್ಲ ಎಂದು. ಆಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅರ್ಧ ಕಟ್ಟಿದ ಕಟ್ಟಡ, ನಾಲ್ಕು ಬಾಂಬು, ಓಡುವ ಗಡಿಯಾರ, ಹೊಡೆಯಲು ಬರುವ ಕೆಲಸಗಾರರು. ಅದಕ್ಕೆಂದೇ ಒಬ್ಬ ಅಣ್ಣ ಇದ್ದ. ಐಟಿಐ ಓದುತ್ತಿದ್ದ. ಇನ್ನಾವ ಮಿಷನ್ನೂ ಅವನಿಗೆ ಸರಿಯಾಗಿ ಬಾರದು, ಬೈಕು ಹತ್ತಿಸಿದರೆ ನೇರ ಸಮುದ್ರಕ್ಕೆ ಒಯ್ಯುತ್ತಿದ್ದ. ಆ ಒಂದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಫೀಸು ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ, ಮುಂಗಡ. ಅವಸರವಿಲ್ಲದೆ ತಿಂದು, ಕೈಯನ್ನು ಸಂಯುಕ್ತ ಕರ್ನಾಟಕದ ಹಾಳೆಗೆ ಒರೆಸಿ, ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿ ಕೂರುತ್ತಿದ್ದ. ಹೆಲಿಕಾಪ್ಟರ್ ಹಾರಿಸಲು ಬೇಕಾದ ಕೀಬೋರ್ಡಿನ ನಂಬರ್ ಪ್ಯಾಡಿನಲ್ಲಿ ನಾಲ್ಕರ ಗುಂಡಿ ಕಿತ್ತುಹೋಗಿತ್ತು, ಒಳಗಿನ ರಬ್ಬರು ಕಾಣುತ್ತಿತ್ತು. ಅದನ್ನು ಅವನು ರೆನಾಲ್ಡ್ಸ್ ಪೆನ್ನಿನ ನೀಲಿ ಟೋಪಿಯಿಂದ ಒತ್ತುತ್ತಿದ್ದ, ಮಿಕ್ಕದ್ದನ್ನು ಬೆರಳಿನಿಂದ. ಮೆಟ್ಟಿಲ ಸಂದಿಯಲ್ಲಿ ಆ ಗುಬ್ಬಿಯಷ್ಟು ಯಂತ್ರ ಗೋಡೆಗೆ ತಾಗದಂತೆ ಮೇಲೇರುವಾಗ ಅಂಗಡಿಯಲ್ಲಿ ಮೇಲ್ ನೋಡಲು ಬಂದವರೂ ಎದ್ದು ಬಂದು ನಿಲ್ಲುತ್ತಿದ್ದರು. ನಾಲ್ಕನೆಯ ಬಾಂಬು ಇಟ್ಟಾದ ಮೇಲೆ ಕಟ್ಟಡ ಸಿಡಿಯುವುದನ್ನು ಅವನು ನೋಡುತ್ತಿರಲಿಲ್ಲ. ಅಷ್ಟರಲ್ಲಿ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ.

ಇದನ್ನೆಲ್ಲ ಯಾಕೆ ಹೇಳಲು ಹೊರಟೆ? ಹಾಂ, ಊರು ಸಣ್ಣದಿರಬೇಕು ಎನ್ನುತ್ತಿದ್ದೆ.

2021ರಲ್ಲಿ ಈ ಸಾಲಿನ ಹಳೆಯ ಮೂರು ಆಟಗಳನ್ನು ತಿಕ್ಕಿ ತೊಳೆದು ಹೊಸದೆಂದು ತಂದರು. ಹಳೆಯದರಲ್ಲಿ ದೂರದ್ದೆಲ್ಲ ಮಂಜಿನಲ್ಲಿ ಮುಚ್ಚಿರುತ್ತಿತ್ತು, ಯಂತ್ರದ ಶಕ್ತಿ ಅಷ್ಟೇ ಇತ್ತು. ಇವರು ಮಂಜು ತೆಗೆದರು. ಆ ಮೂರರಲ್ಲೊಂದಾದ ಸ್ಯಾನ್ ಆಂಡ್ರಿಯಾಸಿನಲ್ಲಿ ಗುಡ್ಡದ ಮೇಲೆ ನಿಂತರೆ ಮೂರೂ ಪಟ್ಟಣ ಒಂದೇ ನೋಟಕ್ಕೆ ಕಾಣುವಂತಾಯಿತು. ತಾಸುಗಟ್ಟಲೆ ಗಾಡಿ ಓಡಿಸಿದ ದೇಶ ಇಷ್ಟೇ ಇಷ್ಟು ಎಂದು ಗೊತ್ತಾಯಿತು. ಮಳೆಯಂತೂ ಪರದೆಯ ಮೇಲೆ ಬಿಳಿ ಗೀರು ಎಳೆದಂತೆ, ರಸ್ತೆಯೇ ಕಾಣದು. ಧಾರವಾಡದ ಶ್ರಾವಣದ ಜಿಟಿಜಿಟಿ ಒಂದು ದಿನ ನೋಡಿದ್ದರೆ ಅಂಥ ಮಳೆ ಸುರಿಸುತ್ತಿರಲಿಲ್ಲ. ಆಮೇಲೆ ಕ್ಷಮೆ ಕೇಳಿದರು, ತಿದ್ದಿದರು, ಅದು ಬೇರೆ ಮಾತು.

ಆರನೆಯದು ಮತ್ತೆ ವೈಸ್ ಸಿಟಿಗೇ ಹೋಗುತ್ತದಂತೆ, ಸುತ್ತ ಲಿಯೊನೈಡಾ ಎಂಬ ಇಡೀ ರಾಜ್ಯ. ಜೇಸನ್, ಲೂಸಿಯಾ ಎಂದು ಇಬ್ಬರು ನಾಯಕರು. ಇಬ್ಬರಿದ್ದಾರೆಂದರೆ ಗಾಡಿಯಲ್ಲಿ ಮಾತು ನಿಲ್ಲುವುದಿಲ್ಲ, ನನಗೆ ಅದರದೇ ಭಯ. ಮೊದಲ ಟ್ರೇಲರನ್ನು ಒಂದೇ ದಿನದಲ್ಲಿ 9 ಕೋಟಿ ಸಲ ನೋಡಿದರು. ನೋಡಿದ್ದು ಸಾಲದೆಂದು ಬಾಟಲಿಯ ಮೇಲಿನ ಚೀಟಿ, ಕಾರಿನ ನಂಬರು, ಆಕಾಶದ ಚಂದ್ರ ಎಲ್ಲದಕ್ಕೂ ಪ್ರವಚನ ಮಾಡುವ ಪಂಡಿತರು ಹುಟ್ಟಿದರು. ಒಬ್ಬರಾದರೂ ಸೇವ್ ಸ್ಲಾಟ್ ಎಷ್ಟು ಎಂದು ಕೇಳಿದರೆ? ಇಲ್ಲ.

ಮೊನ್ನೆ ನೀರಿನ ಮೋಟರು ಸುಟ್ಟು, ಗೋಕುಲ ರಸ್ತೆಯ ರಿವೈಂಡಿಂಗ್ ಅಂಗಡಿಗೆ ಒಯ್ದೆ. ಗಲ್ಲೆಯ ಹಿಂದೆ ಹೆಲಿಕಾಪ್ಟರ್ ಅಣ್ಣ. ಹೊಟ್ಟೆ ಬಂದಿದೆ, ಕನ್ನಡಕ ಬಂದಿದೆ. ಮೋಟರಿನ ಮಾತು ಮುಗಿಸಿ ಆರನೇದು ಬರುವ ಸುದ್ದಿ ತೆಗೆದೆ. ಎರಡನೇ ಮಾತಿಲ್ಲದೆ ಕೇಳಿದ, "ಈಸಾಕ ಬರ್ತೈತೇನು ಅದರಾಗ?"

ಟಾಮಿಗೆ ಈಸು ಬರುತ್ತಿರಲಿಲ್ಲ, ನೀರಿಗೆ ಬಿದ್ದರೆ ಸತ್ತ. ನಳಕ್ಕೆ ವಾರಗಟ್ಟಲೆ ನೀರು ಬಾರದ ಊರಿನ ಹುಡುಗರಾದ ನಾವು ಅಲ್ಲಿ ಮುಳುಗಿ ಮುಳುಗಿ ಸಾಯುತ್ತಿದ್ದೆವು. (2008ರಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂತು. ನಮ್ಮದು ಆ ವಾರ್ಡಲ್ಲ.)

"ಈಸೂದು 2004ರಾಗ ಬಂತೋ ಅಣ್ಣಾ, ಸ್ಯಾನ್ ಆಂಡ್ರಿಯಾಸ್‌ನ್ಯಾಗ."

"ಹೌದಾ?" ಎಂದು ತಂತಿ ಸುತ್ತುತ್ತಲೇ ಯೋಚಿಸಿದ. "ನಂಬರ್ ಪ್ಯಾಡ್?"

ಮೊದಲು ಪ್ಲೇಸ್ಟೇಷನ್ 5 ಮತ್ತು ಹೊಸ ಎಕ್ಸ್‌ಬಾಕ್ಸಿಗೆ ಮಾತ್ರ ತಾರೀಖು ಕೊಟ್ಟಿದ್ದಾರೆ, ಕಂಪ್ಯೂಟರಿನ ಹೆಸರೇ ಎತ್ತಿಲ್ಲ, ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಇರುತ್ತದೆ ಎಂದೆ. ಅಣ್ಣನ ಮುಖ ನೆಟ್ಟಗಾಗಲಿಲ್ಲ.

"ಹೆಬ್ಬಳ್ಳಲೆ ಹೆಲಿಕಾಪ್ಟರ್ ಹಾರಸ್ಬೇಕಾ?"

"ಹೂಂ."

"ಮತ್ತ ಹದಿಮೂರು ವರ್ಷ ಏನ್ ಮಾಡಿದ್ರಲೇ ಅವರು?" ಎಂದು ನನ್ನ ಮೋಟರಿಗೆ ಚೀಟಿ ಕಟ್ಟಿ, "ಮುಂದ ಯಾರದ್ರಿ?" ಎಂದು ನನ್ನ ಹಿಂದೆ ನಿಂತವರನ್ನು ಕೇಳಿದ.