100ರಿಂದ 7 ಕಳೆಯುತ್ತಾ ಹೋಗಿ

"100ರಿಂದ 7 ಕಳೆಯುತ್ತಾ ಹೋಗಿ" ಅಂದರು ಡಾಕ್ಟರ್. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ನೆ ಕೂತಿದ್ದೆ. 93, 86, 79, 72. ಇಷ್ಟು ವರ್ಷದಿಂದ ಲೆಕ್ಕ ಬರೆಯುವವಳಿಗೆ ಇದೇನು ಕಷ್ಟ? ಉತ್ತರ ಒಂದೂ ತಪ್ಪಲಿಲ್ಲ. ಆದರೆ ಅಷ್ಟರಲ್ಲಿ ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗಿತ್ತು. ದೇವರ ದೀಪಕ್ಕೆ ಬತ್ತಿ ಹೊಸೆಯುತ್ತೇವಲ್ಲ, ಥೇಟ್ ಹಾಗೆ. 72 ಅನ್ನುವ ಹೊತ್ತಿಗೆ ನಡುಕ ಮೊಣಕೈಗೆ ಹತ್ತಿತ್ತು. ನನಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಗಿದ್ದು ಅವತ್ತು. ನಾಲ್ಕು ವರ್ಷ ಆಯಿತು.

ಅದಕ್ಕೂ ಮುಂಚೆ ಒಂದೂವರೆ ವರ್ಷ ನಾನು ಕೇಳಿದ್ದು ಒಂದೇ ಮಾತು. "ಟೆನ್ಷನ್ ಮಾಡ್ಕೋಬೇಡಿ, ಸರಿಹೋಗುತ್ತೆ." ಮನೆ ಹತ್ತಿರದ ಡಾಕ್ಟರೂ ಅದನ್ನೇ ಹೇಳಿ ವಿಟಮಿನ್ ಮಾತ್ರೆ ಕೊಟ್ಟರು. ನಾನೂ ನಂಬಿದೆ. ನನ್ನಿಂದಲೇ ಹೀಗಾಯ್ತು ಅಂತ ಎಷ್ಟು ರಾತ್ರಿ ಅತ್ತಿದ್ದೀನಿ. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ. ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಕೈಕಾಲು ಆಡಿಸಲು ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಟೆನ್ಷನ್ ನಡುಕವನ್ನು ಜಾಸ್ತಿ ಮಾಡುತ್ತೆ, ಅದು ನಿಜ. ತಲೆಗೆ ಲೆಕ್ಕ ಕೊಟ್ಟರೂ ಜಾಸ್ತಿಯಾಗುತ್ತೆ. ನಿದ್ದೆ ಹತ್ತಿದ ಮೇಲೆ ಕೈ ಒಂಚೂರೂ ಅಲ್ಲಾಡಲ್ಲ ಅಂತಾರೆ ನಮ್ಮ ಮನೆಯವರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೈ ನಡುಗುವುದಕ್ಕೆ ಎಷ್ಟೋ ಮುಂಚೆ ನನಗೆ ವಾಸನೆ ಹೋಗಿತ್ತು. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ದಾಟಿಕೊಂಡೇ ದಿನಾ ಪೀಣ್ಯಕ್ಕೆ ಹೋಗುವವಳು ನಾನು. ಆ ಗಂಧದ ಗಾಳಿ ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ. ಫ್ಯಾಕ್ಟರಿಯೇ ವಾಸನೆ ಕಮ್ಮಿ ಮಾಡಿದೆ ಅಂದುಕೊಂಡಿದ್ದೆ! ವಾಸನೆ ಹೋಗುವುದು, ಮಲಬದ್ಧತೆ, ಅಕ್ಷರ ಬರೆಯುತ್ತಾ ಬರೆಯುತ್ತಾ ಸಣ್ಣದಾಗುವುದು, ಇವೆಲ್ಲ ಮೊದಲೇ ಶುರುವಾಗಬಹುದು. ನಡುಕವೆಲ್ಲ ಪಾರ್ಕಿನ್ಸನ್ಸ್ ಅಲ್ಲ, ಪಾರ್ಕಿನ್ಸನ್ಸ್ ಇರುವವರಿಗೆಲ್ಲ ನಡುಕ ಇರುವುದೂ ಇಲ್ಲ. ನರರೋಗ ತಜ್ಞರಿಗೆ ತೋರಿಸಿದರೆ ಗೊತ್ತಾಗುತ್ತೆ.

ಕಾಯಿಲೆ ಅಂತ ಗೊತ್ತಾದ ಮೇಲೂ ಎಂಟು ತಿಂಗಳು ಆಫೀಸಿನಲ್ಲಿ ಮುಚ್ಚಿಟ್ಟೆ. ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುವುದು, ತೊಡೆಯ ಕೆಳಗೆ ಒತ್ತಿ ಕೂರುವುದು, ಕಾಫಿ ಬೇಡ ಅನ್ನುವುದು. ಯಾರಾದರೂ ನೋಡುತ್ತಿದ್ದಾರೆ ಅನಿಸಿದರೆ ಸಾಕು, ಇನ್ನೂ ನಡುಗುತ್ತಿತ್ತು. ಬಚ್ಚಿಡುವುದೇ ಒಂದು ದೊಡ್ಡ ಕೆಲಸ ಆಗಿಹೋಗಿತ್ತು. ಕಾಯಿಲೆಗಿಂತ ಅದೇ ನನ್ನನ್ನು ಜಾಸ್ತಿ ಸುಸ್ತು ಮಾಡಿದ್ದು.

ಕೊನೆಗೆ ಕೀಬೋರ್ಡೇ ಹೇಳಿಬಿಟ್ಟಿತು. ಒಬ್ಬ ಸಪ್ಲೈಯರ್‌ಗೆ 8,400 ಹಾಕಬೇಕಿತ್ತು. ಸೊನ್ನೆಯ ಮೇಲೆ ಬೆರಳು ಎರಡು ಸಲ ನಿಲ್ಲಬೇಕಿತ್ತು, ಮೂರು ಸಲ ಕುಣಿಯಿತು. 84,000 ಹೋಯಿತು. ದುಡ್ಡು ಮೂರನೇ ದಿನ ವಾಪಸ್ ಬಂತು, ಪುಣ್ಯಕ್ಕೆ ಅವರು ಒಳ್ಳೆಯವರು. ಆದರೆ ಸಾಹೇಬರ ಮುಂದೆ ನಿಂತಾಗ ಸುಳ್ಳು ಹೇಳುವ ಶಕ್ತಿ ನನಗೆ ಉಳಿದಿರಲಿಲ್ಲ. ಎಲ್ಲಾ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಮ್ಮಾ, ಇನ್ನು ಮನೇಲಿ ಆರಾಮಾಗಿ ಇರಿ" ಅಂದರು.

ಪ್ರೀತಿಯಿಂದಲೇ ಅಂದರು. ಇವತ್ತು ಇಷ್ಟು ಉದ್ದ ಬರೆಯುತ್ತಿರುವುದು ಆ ಮಾತಿಗೋಸ್ಕರ. ನಾನು ಕೆಲಸ ಬಿಡಲಿಲ್ಲ. ನನಗೆ ಬೇಕಿದ್ದದ್ದು ಆರಾಮ ಅಲ್ಲ, ಸಮಯದ ಹೊಂದಾಣಿಕೆ. ನನ್ನ ದಿನ ನಡೆಯುವುದು ಮಿದುಳಿಗೆ ಹೋಗಿ ಡೋಪಮಿನ್ ಆಗುವ ಲೆವೊಡೋಪ ಮಾತ್ರೆಯ ಗಡಿಯಾರದ ಮೇಲೆ. ಬೆಳಿಗ್ಗೆ 7ಕ್ಕೆ ಒಂದು, 11ಕ್ಕೆ ಒಂದು, 3ಕ್ಕೆ ಒಂದು. ಊಟಕ್ಕೆ ಅರ್ಧ ಗಂಟೆಯಾದರೂ ಮುಂಚೆ ನುಂಗಬೇಕು, ಬೇಳೆ, ಮೊಸರಿನ ಪ್ರೋಟೀನು ಮಾತ್ರೆಗೆ ಅಡ್ಡ ಬರುತ್ತೆ. ನುಂಗಿ ಮುಕ್ಕಾಲು ಗಂಟೆಗೆ ಕೈ ನನ್ನ ಮಾತು ಕೇಳುತ್ತೆ, ಮುಂದಿನ ಮಾತ್ರೆ ಹತ್ತಿರವಾದಂತೆ ಮತ್ತೆ ಬಿಗಿಯುತ್ತೆ. ಹಾಗಾಗಿ ದುಡ್ಡು ಕಳಿಸುವ ಕೆಲಸವೆಲ್ಲ ಈಗ ಮಧ್ಯಾಹ್ನ 12ರಿಂದ 2ರೊಳಗೆ. ಉಳಿದ ಹೊತ್ತು ಓದುವುದು, ತಾಳೆ ನೋಡುವುದು, ಫೋನು. ಕಂಪ್ಯೂಟರಿನಲ್ಲಿ ಫಿಲ್ಟರ್ ಕೀಸ್ ಅಂತ ಒಂದಿದೆ, ಬೆರಳು ತಡವರಿಸಿ ಎರಡು ಸಲ ಒತ್ತಿದರೂ ಅದು ಒಂದೇ ಅಂತ ತೆಗೆದುಕೊಳ್ಳುತ್ತೆ. ಪಕ್ಕದ ಸೀಟಿನ ಹುಡುಗ ಎರಡು ನಿಮಿಷದಲ್ಲಿ ಹಾಕಿಕೊಟ್ಟ. ಆಫೀಸಿನ ಹುಡುಗಿ ನನ್ನ ಕಾಫಿಯನ್ನು ಅರ್ಧ ಲೋಟ ಮಾತ್ರ ತುಂಬಿ ಎರಡು ಸಲ ತಂದುಕೊಡುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ.

ಮೆಟ್ರೋದಲ್ಲಿ ಗೇಟಿನ ಹತ್ತಿರ ಹಿಂದಿನವರು ಅವಸರ ಮಾಡಿದರೆ ಈಗಲೂ ಕಾಲು ನೆಲಕ್ಕೆ ಅಂಟಿಕೊಳ್ಳುತ್ತೆ. ಆಗ ನೆಲದ ಹಳದಿ ಪಟ್ಟಿಯನ್ನು ನೋಡುತ್ತೇನೆ. ಅದನ್ನು ದಾಟಬೇಕು ಅಂತ ಮನಸ್ಸಿಗೆ ಹೇಳಿದರೆ ಕಾಲು ಏಳುತ್ತೆ. ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು. ಹಿಂದೆ ನಿಂತವರೇ, ಹತ್ತು ಸೆಕೆಂಡ್ ಕೊಡಿ, ಅಷ್ಟೇ.

ನಸುಗುನ್ನಿ ಪುಡಿ ತಿನ್ನಿ ಅಂತ ಹೇಳುವವರು ಬಹಳ. ಆ ಬೀಜದಲ್ಲಿ ಲೆವೊಡೋಪ ಇರುವುದು ನಿಜ. ಅದಕ್ಕೇ ಡಾಕ್ಟರಿಗೆ ಹೇಳದೆ ಮಾತ್ರೆಯ ಜೊತೆ ತಿನ್ನಬಾರದು, ಡೋಸ್ ಎಷ್ಟಾಯಿತು ಅಂತ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ಸ್ ಕೂಡ ಇದೆ. ಸರ್ಕಾರಿ ಕೆಲಸದಲ್ಲಿ ಇರುವಾಗ ಬಂದರೆ ಆ ಕಾರಣಕ್ಕೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ನಮ್ಮಂಥ ಖಾಸಗಿಯವರಿಗೆ ಅಷ್ಟು ಗಟ್ಟಿ ಆಸರೆ ಇಲ್ಲ. ನಾವು ಮಾಲೀಕರ ಒಳ್ಳೆತನವನ್ನೇ ನಂಬಿ ಬದುಕಬೇಕಾ? ಇದು ನನಗೆ ತುಂಬಾ ನೋವಿನ ವಿಷಯ. ಪೀಣ್ಯದಲ್ಲಿ ನನ್ನ ಹಾಗೆ ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಮಷಿನ್ ಮುಂದೆ ನಿಂತವರು ಎಷ್ಟು ಜನ ಇರಬಹುದು ಅಂತ ಯೋಚಿಸುತ್ತಲೇ ಇರುತ್ತೇನೆ.

ಇವತ್ತು 18. ನಾಡಿದ್ದು 20, ಜಿಎಸ್‌ಟಿ ರಿಟರ್ನ್ ಕೊನೇ ದಿನ. ಮುಂಚೆ ಆ ದಿನ ಅಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಈ ಸಲ ಬಿಲ್ಲುಗಳನ್ನೆಲ್ಲ 15ಕ್ಕೇ ಹೊಂದಿಸಿ ಇಟ್ಟಿದ್ದೇನೆ. ನಾಳೆ 11ಕ್ಕೆ ಮಾತ್ರೆ ನುಂಗಿ, 12ಕ್ಕೆ ಕೂತು ಹಾಕಿಬಿಡುತ್ತೇನೆ.