ಹತ್ತನೆಯ ಪ್ರಶ್ನೆ

"ರೇಷ್ಮೆಹುಳು ಗೂಡು ಕಟ್ಟುವುದಕ್ಕೆ ಮೊದಲು ಎಷ್ಟು ಬಾರಿ ಪೊರೆ ಕಳಚುತ್ತದೆ?" ಎಂಬ ಪ್ರಶ್ನೆಯನ್ನು ನಾನು ಮಕ್ಕಳ ರಸಪ್ರಶ್ನೆಯಲ್ಲಿ ಹತ್ತನೆಯದಾಗಿ, ಅಂದರೆ ಎಲ್ಲಕ್ಕಿಂತ ಕಠಿಣವಾದುದೆಂದು ಭಾವಿಸಿ ಕೊನೆಯಲ್ಲಿ ಇಟ್ಟಿದ್ದೆ. ಕೋಲಾರ ನಗರದ ಮಕ್ಕಳ ಮುಂದೆ ನನ್ನ ಲೆಕ್ಕ ಸರಿಯಾಯಿತು. ನಾಲ್ಕು ತಂಡಗಳೂ ಒಂದರ ಹಿಂದೆ ಒಂದು ಪಾಸ್ ಎಂದವು. ಮರುವಾರ ಅವೇ ಹತ್ತು ಚೀಟಿಗಳನ್ನು ಹಿಡಿದು, ಸುತ್ತಲೂ ಹಿಪ್ಪುನೇರಳೆ ತೋಟಗಳಿರುವ ಹಳ್ಳಿಯೊಂದರ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿಯ ಗ್ರಂಥಾಲಯಕ್ಕೆ, ಹೋದೆ. ನಾನು ಪ್ರಶ್ನೆಯನ್ನು ಓದಿ ಮುಗಿಸುವಷ್ಟರಲ್ಲಿ ಆರನೆಯ ತರಗತಿಯ ಹುಡುಗನೊಬ್ಬ "ನಾಲ್ಕು ಜ್ವರ, ಸಾರ್" ಎಂದ. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುವ ಆ ಹೊತ್ತನ್ನು ಹುಳು ಸಾಕುವವರು ಜ್ವರವೆಂದೇ ಕರೆಯುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಎಷ್ಟು ಸೊಪ್ಪು ತಿನ್ನುತ್ತದೆಂಬುದನ್ನೂ ಅವನು ಕೇಳದೆಯೇ ವಿವರಿಸಿದ. ಆದರೆ ಚದುರಂಗದ ಹಲಗೆಯಲ್ಲಿ ಎಷ್ಟು ಮನೆಗಳಿವೆ ಎಂಬ ಎರಡನೆಯ ಪ್ರಶ್ನೆಗೆ, ನಗರದ ಮಕ್ಕಳು ಯೋಚಿಸದೆ ಅರುವತ್ತನಾಲ್ಕು ಎಂದಿದ್ದ ಪ್ರಶ್ನೆಗೆ, ಆ ಹಳ್ಳಿಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು; ನಿವೃತ್ತಿಯ ನಂತರ ಜಿಲ್ಲೆಯ ಶಾಲೆಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಮಕ್ಕಳಿಗಾಗಿ ರಸಪ್ರಶ್ನೆ ನಡೆಸುತ್ತಿದ್ದೇನೆ. ಸುಲಭದಿಂದ ಕಷ್ಟಕ್ಕೆ ಏರುವ ಹತ್ತು ಪ್ರಶ್ನೆಗಳು, ಒಂದೊಂದಕ್ಕೆ ಒಂದೊಂದು ಚೀಟಿ. ಆ ದಿನದ ತನಕ ಯಾವುದು ಎಷ್ಟನೆಯ ಮೆಟ್ಟಿಲೆಂಬುದನ್ನು ನನ್ನ ಮೇಜಿನ ಮುಂದೆ ಕುಳಿತು ನಾನೇ ತೀರ್ಮಾನಿಸುತ್ತಿದ್ದೆ. ಅಂದಿನಿಂದ ಪ್ರತಿ ಚೀಟಿಯ ಹಿಂಬದಿಯಲ್ಲಿ ಎಷ್ಟು ಮಕ್ಕಳಿಗೆ ಕೇಳಿದೆ, ಎಷ್ಟು ಮಕ್ಕಳು ಸರಿಯಾಗಿ ಹೇಳಿದರು ಎಂದು ಊರಿನ ಹೆಸರಿನೊಂದಿಗೆ ಬರೆದಿಡುತ್ತೇನೆ. ಪರೀಕ್ಷೆಗಳನ್ನು ರೂಪಿಸುವ ಶಾಸ್ತ್ರದಲ್ಲಿ ಪ್ರಶ್ನೆಯೊಂದರ ಕಠಿಣತೆಯನ್ನು ಅಳೆಯುವುದು ಹೀಗೆಯೇ: ಇಪ್ಪತ್ತು ಜನರಲ್ಲಿ ಹದಿನೈದು ಜನ ಸರಿಯಾಗಿ ಹೇಳಿದರೆ ಅದರ ಸೂಚ್ಯಂಕ 0.75, ಮೂವರು ಹೇಳಿದರೆ 0.15. ಅದೇ ಶಾಸ್ತ್ರದಲ್ಲಿ ಇನ್ನೂ ಒಂದು ಅಳತೆಯಿದೆ. ಒಟ್ಟು ಅಂಕಗಳಲ್ಲಿ ಮೇಲಿನ ಶೇಕಡ 27ರಷ್ಟು ಜನರನ್ನೂ ಕೆಳಗಿನ ಶೇಕಡ 27ರಷ್ಟು ಜನರನ್ನೂ ಬೇರೆಯಾಗಿ ತೆಗೆದು, ಆ ಒಂದು ಪ್ರಶ್ನೆಗೆ ಎರಡೂ ಗುಂಪುಗಳಲ್ಲಿ ಎಷ್ಟೆಷ್ಟು ಜನ ಸರಿಯಾಗಿ ಉತ್ತರಿಸಿದ್ದಾರೆಂದು ಹೋಲಿಸುತ್ತಾರೆ. ಚೆನ್ನಾಗಿ ಓದಿಕೊಂಡವರು ತಪ್ಪಿ, ಓದದವರು ಊಹೆಯಿಂದ ಗೆದ್ದರೆ ದೋಷವಿರುವುದು ಪ್ರಶ್ನೆಯಲ್ಲಿಯೇ. ಈ ಎರಡನೆಯ ಅಳತೆಯನ್ನು ನಮ್ಮಲ್ಲಿ ರಸಪ್ರಶ್ನೆ ನಡೆಸುವವರು ಗಮನಿಸುವುದು ಬಹಳ ಕಡಿಮೆ, ಮತ್ತು ಇದು ನನಗೆ ಬೇಸರ ತರುವ ಸಂಗತಿ.

ಏಕೆಂದರೆ ಪ್ರಶ್ನೆಯನ್ನು ಕಠಿಣಗೊಳಿಸುವುದಕ್ಕೆ ಅತ್ಯಂತ ಸುಲಭವಾದ ದಾರಿಯೆಂದರೆ ಯಾರ ಕಣ್ಣಿಗೂ ಬೀಳದ ಮಾಹಿತಿಯನ್ನು ಹುಡುಕಿ ತರುವುದು, ಮತ್ತು ಹೆಚ್ಚಿನವರು ಹಿಡಿಯುವುದು ಅದೇ ದಾರಿಯನ್ನು. ನಂದಿಬೆಟ್ಟದ ಎತ್ತರ ಎಷ್ಟು ಮೀಟರ್ ಎಂದು ಕೇಳಿದಾಗ 1,478 ಎಂದು ಗಿಳಿಪಾಠ ಒಪ್ಪಿಸುವ ಮಗುವಿಗೆ ಪೂರ್ಣ ಅಂಕ; "ಒಂದೂವರೆ ಸಾವಿರದ ಹತ್ತಿರ ಇರಬೇಕು, ಕೋಲಾರವೇ ಎಂಟುನೂರಕ್ಕಿಂತ ಎತ್ತರದಲ್ಲಿದೆಯಲ್ಲ" ಎಂದು ಯೋಚಿಸಿ ಹೇಳುವ ಮಗುವಿಗೆ ಸೊನ್ನೆ. ಈ ನಾಡು ಎತ್ತರದ ಪ್ರಸ್ಥಭೂಮಿಯೆಂಬುದನ್ನು ಆ ಎರಡನೆಯ ಮಗು ಅರಿತಿದೆ, ಅದರ ಮೇಲೆ ಬೆಟ್ಟ ಎಷ್ಟು ಏಳಬಹುದೆಂದು ಅಂದಾಜು ಮಾಡಿದೆ. ಅದಕ್ಕೆ ಸೊನ್ನೆ ಕೊಡುವ ಅಂಕಪಟ್ಟಿಯಲ್ಲಿ ನನಗೆ ನಂಬಿಕೆಯಿಲ್ಲ.

ಮೇಲಿನ ಮೆಟ್ಟಿಲಿನ ಪ್ರಶ್ನೆಗೆ ಬೇಕಾದ ಸಾಮಗ್ರಿ ಕೆಳಗಿನ ಮೆಟ್ಟಿಲುಗಳಲ್ಲಿಯೇ ಮಕ್ಕಳ ಕೈಗೆ ಸಿಕ್ಕಿರಬೇಕು, ಅದನ್ನು ಜೋಡಿಸುವ ಕೆಲಸವಷ್ಟೇ ಕಷ್ಟದ್ದಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತಿರುವ ಚಿನ್ನದ ಗಣಿಯನ್ನೇ ತೆಗೆದುಕೊಳ್ಳುತ್ತೇನೆ. ಮೊದಲ ಪ್ರಶ್ನೆ, ಕೆ.ಜಿ.ಎಫ್. ಎಂಬ ಮೂರು ಅಕ್ಷರಗಳ ವಿಸ್ತರಣೆ ಏನು. ಇದನ್ನು ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು, ಏಕೆಂದರೆ ಮೊದಲ ಪ್ರಶ್ನೆಯ ಕೆಲಸ ಮಗುವಿನ ಎದೆಬಡಿತವನ್ನು ಇಳಿಸುವುದು. ಎರಡನೆಯದು, ಗಣಿ ಮುಚ್ಚಿದ್ದು ಯಾವ ವರ್ಷ. 2001 ಎಂದು ಮನೆಯಲ್ಲಿ ಅಜ್ಜನೋ ಅಜ್ಜಿಯೋ ಗಣಿಯ ಮಾತು ಆಡುವ ಮಕ್ಕಳು ಹೇಳುತ್ತಾರೆ. ಮೂರನೆಯದು, 1902ರಲ್ಲಿ ಈ ಗಣಿಗೆ ವಿದ್ಯುತ್ ಬಂದದ್ದು ಎಲ್ಲಿಂದ. ಕಾವೇರಿಯ ಶಿವನಸಮುದ್ರದಿಂದ, ಸುಮಾರು 147 ಕಿಲೋಮೀಟರ್ ತಂತಿ ಎಳೆದು ತಂದರು ಎಂಬುದು ಪಾಠದಲ್ಲಿ ಓದಿದವರ ನೆನಪಿನಲ್ಲಿ ಇರುತ್ತದೆ.

ನಾಲ್ಕನೆಯ ಪ್ರಶ್ನೆಯಿಂದ ನೆನಪು ಸಾಲದಾಗುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿದ್ದು 1905ರಲ್ಲಿ. ಹಾಗಾದರೆ ಅಷ್ಟು ದೊಡ್ಡ ಊರಿಗಿಂತ ಮೂರು ವರ್ಷ ಮೊದಲೇ ನಮ್ಮ ಗಣಿಗೆ ವಿದ್ಯುತ್ ಏಕೆ ಬಂತು? ಈ ಉತ್ತರ ಯಾವ ಮಗುವಿಗೂ ಬಾಯಿಪಾಠವಿರುವುದಿಲ್ಲ. ಆದರೂ ಐದು ನಿಮಿಷ ಕೊಟ್ಟರೆ ಒಂದು ತಂಡ ಗಣಿಯ ಆಳವನ್ನು ನೆನೆಯುತ್ತದೆ, ಇನ್ನೊಂದು ತಂಡ ಅಷ್ಟು ಆಳದಿಂದ ಕಲ್ಲನ್ನು ಮೇಲೆತ್ತುವ, ನೀರನ್ನು ಹೊರಹಾಕುವ, ಗಾಳಿಯನ್ನು ಒಳಗೆ ತಳ್ಳುವ ಯಂತ್ರಗಳನ್ನು ನೆನೆಯುತ್ತದೆ, ಮತ್ತೊಬ್ಬರು "ಉಗಿಯಂತ್ರಕ್ಕೆ ಸೌದೆ, ಕಲ್ಲಿದ್ದಲು ಬೇಕಲ್ಲವೇ ಸಾರ್, ಅದಕ್ಕೆ ಖರ್ಚು ಜಾಸ್ತಿ" ಎನ್ನುತ್ತಾರೆ. ಕೊನೆಗೆ ಯಾರೋ ಒಬ್ಬರು ಹಣದ ಮಾತು ತೆಗೆಯುತ್ತಾರೆ: ಗಣಿಯ ಕಂಪನಿಗಳು ಹಗಲೂ ರಾತ್ರಿ ವಿದ್ಯುತ್ ಕೊಂಡು ಹಣ ಕೊಡಬಲ್ಲ ಗಿರಾಕಿಗಳು, ಬೀದಿದೀಪ ಹಾಗಲ್ಲ. ಮೈಸೂರು ಸರ್ಕಾರ ಅಷ್ಟು ದೊಡ್ಡ ಯೋಜನೆಗೆ ಕೈಹಾಕಲು ಇಂತಹ ಗಿರಾಕಿಯೊಂದು ಇದ್ದುದೇ ಆಧಾರವಾಯಿತು. ಮಕ್ಕಳು ಇದನ್ನು ತಾವೇ ಕಂಡುಕೊಂಡಾಗ ಅವರ ಮುಖವನ್ನು ನೋಡಬೇಕು.

ಐದನೆಯ ಪ್ರಶ್ನೆ ಇನ್ನೂ ಮೇಲಿನದು. 1965ರಲ್ಲಿ ಇದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಸುಳಿವನ್ನು ವಿಜ್ಞಾನಿಗಳು ಪತ್ತೆಹಚ್ಚಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಇದೇ ಕಣಗಳು ಪತ್ತೆಯಾದವು. ಇಷ್ಟನ್ನೂ ಚೀಟಿಯಲ್ಲಿ ಓದಿ ಹೇಳಿದ ಮೇಲೆ ನಾನು ಕೇಳುವುದು ಹೀಗೆ: ಆ ಇನ್ನೊಂದು ಗಣಿಯೂ ಚಿನ್ನದ್ದೇ ಆಗಿತ್ತು, ಇದಕ್ಕೂ ಚಿನ್ನಕ್ಕೂ ಏನಾದರೂ ಸಂಬಂಧವಿದೆಯೇ? ಚಿನ್ನದ ಲೋಹಕ್ಕೆ ಈ ಕಣಗಳನ್ನು ಸೆಳೆಯುವ ಗುಣವಿದೆಯೆಂದು ಮೊದಲು ಅನೇಕರು ಹೇಳುತ್ತಾರೆ. ಆಕಾಶದಿಂದ ಬರುವ ಬೇರೆ ಕಣಗಳನ್ನೆಲ್ಲ ದಪ್ಪನೆಯ ಬಂಡೆ ತಡೆಯುತ್ತದೆ, ನ್ಯೂಟ್ರಿನೊಗಳನ್ನು ಮಾತ್ರ ತಡೆಯಲಾರದು ಎಂಬ ಒಂದು ಸುಳಿವು ಕೊಟ್ಟರೆ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೇಕಿದ್ದದ್ದು ಆಳ, ಮನುಷ್ಯ ಅಷ್ಟು ಆಳಕ್ಕೆ ತೋಡಿಕೊಂಡು ಹೋಗಲು ಚಿನ್ನದಷ್ಟು ಬೆಲೆಯುಳ್ಳ ವಸ್ತುವೇ ಕಾರಣವಾಗಬೇಕಿತ್ತು. ಈ ಚೀಟಿಯ ಹಿಂಬದಿಯಲ್ಲಿ ನಲವತ್ತು ಮಕ್ಕಳಿಗೆ ನಾಲ್ಕು ಸರಿಯುತ್ತರ ಎಂದಿದೆ. ಆ ನಾಲ್ವರಲ್ಲಿ ಇಬ್ಬರು ಎರಡನೆಯ ಪ್ರಶ್ನೆಯಲ್ಲಿ ಇಸವಿ ತಪ್ಪಿದವರು.

ನಾಲ್ಕು ಆಯ್ಕೆಗಳನ್ನು ಕೊಟ್ಟು ಕೇಳುವ ಪದ್ಧತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕಿರುತೆರೆಯ ಕೋಟಿ ರೂಪಾಯಿ ಬಹುಮಾನದ ಕಾರ್ಯಕ್ರಮ 2000ದಲ್ಲಿ ಹಿಂದಿಯಲ್ಲಿಯೂ 2012ರಲ್ಲಿ ಕನ್ನಡದಲ್ಲಿಯೂ ಬಂದ ಮೇಲೆ ನಮ್ಮ ಶಾಲೆಗಳ ರಸಪ್ರಶ್ನೆಗಳೆಲ್ಲ ಅದೇ ಅಚ್ಚಿಗೆ ಇಳಿದವು. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸುವವನು ಹದಿನೈದು ಪ್ರಶ್ನೆಗಳನ್ನೂ ಗೆಲ್ಲುವ ಸಾಧ್ಯತೆ ಸುಮಾರು 107 ಕೋಟಿಯಲ್ಲಿ ಒಂದು, ಹಾಗಾಗಿ ಪೂರ್ತಿ ಏಣಿಯನ್ನು ಊಹೆಯಿಂದ ಏರಲಾಗದು. ಆದರೆ ಬಿಡಿಬಿಡಿ ಪ್ರಶ್ನೆಯಲ್ಲಿ ನಾಲ್ಕಕ್ಕೆ ಒಂದು ಸಲ ಊಹೆಯೇ ಗೆಲ್ಲುತ್ತದೆ. ಯು.ಪಿ.ಎಸ್‌.ಸಿ. ಪೂರ್ವಭಾವಿ ಪರೀಕ್ಷೆಯಲ್ಲಿ ತಪ್ಪುತ್ತರಕ್ಕೆ ಮೂರನೆಯ ಒಂದು ಭಾಗದಷ್ಟು ಅಂಕ ಕಳೆಯುವುದರಿಂದ ಬರಿಯ ಊಹೆಯಿಂದ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದೇ ಒಂದು ಆಯ್ಕೆಯನ್ನು ತಿಳಿದು ಬಿಡಬಲ್ಲವನಿಗೆ ಮಾತ್ರ ಊಹೆ ಲಾಭ ತರುತ್ತದೆ. ಅರ್ಧ ತಿಳಿವಿಗೂ ಬೆಲೆ ಕೊಡುವ ಈ ಲೆಕ್ಕ ನನಗೆ ನ್ಯಾಯವೆನಿಸುತ್ತದೆ. ಚಿಕ್ಕ ಮಕ್ಕಳ ಅಂಕ ಕಳೆಯಲು ಮನಸ್ಸಾಗದೆ ನಾನು ಮೊದಲ ಮೂರು ಮೆಟ್ಟಿಲುಗಳಿಗಷ್ಟೇ ಆಯ್ಕೆಗಳನ್ನು ಕೊಡುತ್ತೇನೆ.

ಈ ಎಲ್ಲ ಎಚ್ಚರಿಕೆಗೂ ಮೂಲವಾದ ನನ್ನದೇ ತಪ್ಪೊಂದನ್ನು ಇಲ್ಲಿ ಬರೆಯಬೇಕು. ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನದ ರಸಪ್ರಶ್ನೆಯಲ್ಲಿ ಎರಡು ತಂಡಗಳು ಸಮವಾಗಿ ನಿಂತಾಗ, ಸರ್ ಎಂ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದ್ದು ಯಾವ ವರ್ಷವೆಂದು ಕೇಳಿದೆ. ನನ್ನ ಚೀಟಿಯಲ್ಲಿ 1861 ಎಂದಿತ್ತು. ಎಂಟನೆಯ ತರಗತಿಯ ಹುಡುಗಿ 1860 ಎಂದಳು. "ಇಲ್ಲಮ್ಮ, ತಪ್ಪು" ಎಂದು ಬೋನಸ್ಸನ್ನು ಮುಂದಿನ ತಂಡಕ್ಕೆ ಕೊಟ್ಟೆ, ಅವರು ಗೆದ್ದರು. ಕಾರ್ಯಕ್ರಮ ಮುಗಿದ ಮೇಲೆ ಅವಳು ತನ್ನ ಚೀಲದಿಂದ ಪುಸ್ತಕ ತೆಗೆದು, ಜೋರಾಗಿ ಏನೂ ಹೇಳದೆ ಆ ಪುಟವನ್ನು ನನ್ನ ಮುಂದೆ ಹಿಡಿದಳು. ಅದರಲ್ಲಿ 1860 ಎಂದೇ ಇತ್ತು. ಕೆಲವು ಪುಸ್ತಕಗಳಲ್ಲಿ ಹಾಗೆ, ಕೆಲವು ಪುಸ್ತಕಗಳಲ್ಲಿ ಹೀಗೆ ಅಚ್ಚಾಗಿರುವ ಇಸವಿಯನ್ನು ಟೈ ಬ್ರೇಕರ್ ಮಾಡಿದ್ದು ನನ್ನ ಅಪರಾಧ. ಒಂದೇ ಪುಸ್ತಕ ನೋಡಿ ಚೀಟಿ ಬರೆದದ್ದು ಅದಕ್ಕಿಂತ ದೊಡ್ಡದು. ಮರುವಾರ ಅವಳ ಶಾಲೆಗೆ ಹೋಗಿ, ತರಗತಿಯ ಎಲ್ಲರ ಎದುರಿಗೆ ತಪ್ಪನ್ನು ಒಪ್ಪಿಕೊಂಡು, ಗೆದ್ದ ತಂಡಕ್ಕೆ ಕೊಟ್ಟಷ್ಟೇ ಪುಸ್ತಕಗಳನ್ನು ಅವಳ ತಂಡಕ್ಕೂ ಕೊಟ್ಟುಬಂದೆ.

ಆ ಚೀಟಿಯನ್ನು ಹರಿದು ಹಾಕಲಿಲ್ಲ. ಈ ಬಾರಿಯ ಸೆಪ್ಟೆಂಬರ್ 15ಕ್ಕೆ ಅದನ್ನು ಹತ್ತನೆಯ ಮೆಟ್ಟಿಲಿಗಾಗಿ ಹೊಸದಾಗಿ ಬರೆದಿದ್ದೇನೆ: "ವಿಶ್ವೇಶ್ವರಯ್ಯನವರ ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1860 ಎಂದೂ ಕೆಲವು ಪುಸ್ತಕಗಳಲ್ಲಿ 1861 ಎಂದೂ ಇದೆ. ಅವರ ಜನ್ಮಶತಮಾನೋತ್ಸವದ ಅಂಚೆಚೀಟಿಯನ್ನು ಭಾರತದ ಅಂಚೆ ಇಲಾಖೆ 1960ರಲ್ಲಿ ಹೊರತಂದಿತು. ಅವರು ತೀರಿಕೊಂಡದ್ದು 1962ರಲ್ಲಿ. ಇಲಾಖೆ ಯಾವ ವರ್ಷವನ್ನು ಒಪ್ಪಿಕೊಂಡಿತ್ತು, ಮತ್ತು ಅದು ತಪ್ಪಾಗಿದ್ದರೆ ತಿದ್ದಿ ಹೇಳಬಲ್ಲವರು ಆಗ ಯಾರಿದ್ದರು?" ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಅಂದು ವೇದಿಕೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಅಂಕ ಬರೆಯಲು ಒಪ್ಪಿದ್ದಾಳೆ.